ಹಳೆ ಬುಲೆಟ್ಟಿನಲ್ಲಿ ಮನಾಲಿಯಿಂದ ಲೇಹ್‌ಗೆ: ಆಯಿಲ್ ಸೋರಿಕೆ, ಪಾಯಿಂಟ್, ಕಾರ್ಬ್ಯುರೇಟರ್

ಅಟಲ್ ಸುರಂಗದ ಮೂಲಕ ಹೋದರೆ ಮನಾಲಿಯಿಂದ ಲೇಹ್‌ಗೆ ಸುಮಾರು 430 ಕಿ.ಮೀ. ಹೊಸ ಬೈಕಿಗೆ ಇದು ಎರಡು ದಿನದ ದಾರಿ. ಹಳೆ ಬುಲೆಟ್ಟಿಗೆ ಮೂರು ದಿನ ಇಟ್ಟುಕೊಳ್ಳಿ, ನಾಲ್ಕಾದರೆ ಇನ್ನೂ ಒಳ್ಳೆಯದು. ಇಲ್ಲಿ ಹೇಳುವುದೆಲ್ಲ ಎರಕದ ಕಬ್ಬಿಣದ ಸಿಲಿಂಡರಿನ 346 ಸಿಸಿ ಗಾಡಿಗೆ, ಅಂದರೆ ಬಲಗಾಲಿನ ನಾಲ್ಕು ಗೇರು, ಪಾಯಿಂಟ್ ಇಗ್ನಿಷನ್ (ತೆರೆದು ಮುಚ್ಚುವ ಸಂಪರ್ಕದಿಂದ ಪ್ಲಗ್‌ಗೆ ಕಿಡಿ ಕೊಡುವ ವ್ಯವಸ್ಥೆ), ಮಿಕಾರ್ಬ್ ಕಾರ್ಬ್ಯುರೇಟರ್ ಇರುವುದಕ್ಕೆ. ಸರಿಯಾಗಿ ತಯಾರು ಮಾಡಿದರೆ ಈ ಗಾಡಿ ದಾರಿಯ ಅತಿ ಎತ್ತರದ ಪಾಸ್ ಆದ ತಂಗ್ಲಂಗ್ ಲಾ ಹತ್ತುತ್ತದೆ, ಅದರಲ್ಲಿ ಅನುಮಾನ ಬೇಡ.

ಮೊದಲು ಸೋರಿಕೆ. ಹಳೆ ಬುಲೆಟ್ ಅಂದಮೇಲೆ ಆಯಿಲ್ ಸೋರಲೇಬೇಕು ಎಂಬ ಮಾತನ್ನು ಒಪ್ಪಬೇಡಿ. ಪಿಸ್ಟನ್ ಒಂದು ಸಲ ಕೆಳಗಿಳಿದರೆ ಸುಮಾರು 350 ಸಿಸಿ ಗಾಳಿಯನ್ನು ಕ್ರ್ಯಾಂಕ್‌ಕೇಸಿನೊಳಗೆ (ಇಂಜಿನ್ನಿನ ಕೆಳಪೆಟ್ಟಿಗೆಯೊಳಗೆ) ಒತ್ತುತ್ತದೆ. ಆ ಒತ್ತಡ ಬ್ರೀದರ್ ಕೊಳವೆಯಿಂದ ಹೊರಬೀಳಬೇಕು, ಮತ್ತೆ ಒಳಗೆ ಗಾಳಿ ಬರಬಾರದು. ಆ ಕೆಲಸ ಮಾಡುವುದು ಕೊಳವೆಯ ತುದಿಯಲ್ಲಿರುವ ಡಕ್‌ಬಿಲ್ ರಬ್ಬರ್. ಹತ್ತಾರು ವರ್ಷದ ಬಿಸಿಗೆ ಅದು ಸೆಟೆದುಕೊಂಡು ಬಾಯಿ ಅಂಟಿಕೊಂಡಿದ್ದರೆ ಒತ್ತಡ ಬೇರೆ ದಾರಿ ಹುಡುಕುತ್ತದೆ: ಟ್ಯಾಪೆಟ್ ಕವರ್, ಟೈಮಿಂಗ್ ಕವರ್, ರಾಕರ್ ಬಾಕ್ಸ್, ಎಲ್ಲಿ ಬೇಕಾದರೂ. ಆಗ ಪ್ಯಾಕಿಂಗ್ ಮೇಲೆ ಪ್ಯಾಕಿಂಗ್ ಬದಲಿಸಿದರೂ ಪ್ರಯೋಜನವಿಲ್ಲ. ಇಂಜಿನ್ ಐಡ್ಲಿಂಗ್‌ನಲ್ಲಿರುವಾಗ ಬ್ರೀದರ್ ತುದಿಗೆ ಬೆರಳು ಹಿಡಿದು ನೋಡಿ. ಪುಸುಪುಸು ಎಂದು ಗಾಳಿ ಹೊರಬರಬೇಕು, ಬೆರಳನ್ನು ಒಳಕ್ಕೆ ಎಳೆಯಬಾರದು. ಎಳೆದರೂ, ಗಾಳಿಯೇ ಬಾರದಿದ್ದರೂ ರಬ್ಬರ್ ಬದಲಿಸಿ. ಇಷ್ಟು ಆದಮೇಲೆ ಉಳಿದ ಸೋರಿಕೆಗಳನ್ನು ಹುಡುಕಿ.

ಹುಡುಕುವ ಕ್ರಮ ಸರಳ. ಇಂಜಿನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದು, ಪೂರ್ತಿ ಒಣಗಿಸಿ, ಟಾಲ್ಕಂ ಪೌಡರ್ ಉದುರಿಸಿ ಹತ್ತು ಕಿ.ಮೀ. ಓಡಿಸಿ. ಗಾಳಿ ಆಯಿಲನ್ನು ಹಿಂದಕ್ಕೂ ಗುರುತ್ವ ಕೆಳಕ್ಕೂ ಒಯ್ಯುವುದರಿಂದ, ಪೌಡರ್ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ಮುಂದಿನ ಜಾಗವೇ ಮೂಲ. ಗಾಡಿ ನಿಂತಲ್ಲಿ ನೆಲಕ್ಕೆ ಬಿದ್ದ ಹನಿ ನೋಡಿ ತೀರ್ಮಾನಿಸಿದರೆ ತಪ್ಪು ನಟ್ಟು ಬಿಚ್ಚುತ್ತೀರಿ.

ಟ್ಯಾಪೆಟ್ ಕವರಿಗೆ ಒಂದೇ ನಟ್ಟು. ಸೋರುತ್ತದೆ ಎಂದು ಅದನ್ನು ಬಿಗಿಯುತ್ತಾ ಹೋದರೆ ಕವರೇ ಬಾಗಿ ಅಂಚಿನಲ್ಲಿ ಸಂದು ಬಿಡುತ್ತದೆ. ಗಾಜಿನ ಮೇಲೆ ಸಣ್ಣ ಎಮರಿ ಪೇಪರ್ ಹಾಸಿ ಕವರಿನ ಮುಖವನ್ನು ಉಜ್ಜಿ ಸಮ ಮಾಡಿ, ಹೊಸ ಪ್ಯಾಕಿಂಗ್ ಹಾಕಿ, ಕೈಬಿಗಿಯ ಮೇಲೆ ಕಾಲು ಸುತ್ತು ಸಾಕು. ಎಡಗಡೆಯ ಪ್ರೈಮರಿ ಕೇಸಿಗೂ ಇದೇ ಬುದ್ಧಿ: ನಡುವಿನ ಒಂದೇ ನಟ್ಟು, ಸುತ್ತಲೂ ರಬ್ಬರ್ ಸೀಲ್. ಸೀಲ್ ಹಳತಾಗಿದ್ದರೆ ಬಿಗಿಯುವುದರಿಂದ ನಿಲ್ಲುವುದಿಲ್ಲ.

ರಾಕರ್‌ಗೆ ಆಯಿಲ್ ಒಯ್ಯುವ ಹೊರಗಿನ ಪೈಪಿನ ಬ್ಯಾಂಜೋ ಬೋಲ್ಟುಗಳಲ್ಲಿ ತಾಮ್ರದ ವಾಷರ್ ಇರುತ್ತದೆ. ಒಮ್ಮೆ ಒತ್ತಿಸಿಕೊಂಡ ತಾಮ್ರ ಗಡುಸಾಗುತ್ತದೆ, ಮತ್ತೆ ಹಾಕಿದರೆ ಜಿನುಗುತ್ತದೆ. ದಾರಿಯಲ್ಲಿ ಹೊಸದು ಸಿಗದಿದ್ದರೆ ಹಳೆಯದನ್ನೇ ಸ್ಟವ್ ಉರಿಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿ, ಕಪ್ಪು ಪದರ ಉಜ್ಜಿ ತೆಗೆದು ಹಾಕಿ. ತಾಮ್ರ ಮೆತ್ತಗಾಗಿ ಮತ್ತೆ ಕೂರುತ್ತದೆ.

ಟೈಮಿಂಗ್ ಕವರನ್ನು ಊರಿನಲ್ಲೇ ಬಿಚ್ಚಿ ಮುಗಿಸಿಕೊಳ್ಳಿ, ದಾರಿಯಲ್ಲಿ ಮುಟ್ಟಬೇಡಿ. ಅದರೊಳಗೆ ಕ್ರ್ಯಾಂಕ್ ತುದಿಗೆ ಆಯಿಲ್ ದಾಟಿಸುವ ಜಾಗದಲ್ಲಿ ಸಣ್ಣದೊಂದು ಕಾರ್ಕ್ ಸೀಲ್ ಇದೆ. ಕವರ್ ಬಿಚ್ಚಿದಾಗಲೆಲ್ಲ ಅದನ್ನು ಬದಲಿಸಲೇಬೇಕು. ಅದು ಹರಿದಿದ್ದರೆ ಹೊರಗೆ ಒಂದು ಹನಿಯೂ ಸೋರುವುದಿಲ್ಲ, ಒಳಗೆ ಬಿಗ್ ಎಂಡ್‌ಗೆ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಕೂಡುವ ಬೇರಿಂಗ್‌ಗೆ) ಆಯಿಲ್ ಸಾಲದೆ ಇಂಜಿನ್ ಹೋಗುತ್ತದೆ. ಸಿಲಿಕೋನ್ ಪೇಸ್ಟನ್ನೂ ಇಲ್ಲಿ ಧಾರಾಳವಾಗಿ ಬಳಿಯಬೇಡಿ. ಒಳಕ್ಕೆ ಹಿಂಡಿದ ಚೂರು ಆಯಿಲ್ ಪಂಪಿನ ದಾರಿಯಲ್ಲಿ ಕೂರುತ್ತದೆ.

ಗೇರ್‌ಬಾಕ್ಸ್ ಸೋರಿಕೆಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಸ್ಪ್ರಾಕೆಟ್ ಹಿಂದಿನಿಂದ ಬರುವ ಆಯಿಲ್ ಚೈನಿನ ಮೇಲಿಂದ ಹಿಂದಿನ ಟೈರಿಗೆ ಹಾರುತ್ತದೆ, ಗಾಟಾ ಲೂಪ್ಸ್‌ನ 21 ತಿರುವುಗಳಲ್ಲಿ ಅದು ಬೀಳಿಸುತ್ತದೆ. ಈ ಗೇರ್‌ಬಾಕ್ಸ್ ಗ್ರೀಸಿನಂಥ ದಪ್ಪ ಲೂಬ್ರಿಕೆಂಟಿಗೆ ಮಾಡಿದ್ದು. ಅರೆದ್ರವ ಗ್ರೀಸ್ ಹಾಕಿದರೆ ಸೋರಿಕೆ ಬಹಳ ಕಡಿಮೆಯಾಗುತ್ತದೆ.

ಇನ್ನು ದಾರಿ. ತಾಂಡಿಯ ಪೆಟ್ರೋಲ್ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ, ಜೊತೆಗೆ ಐದು ಲೀಟರ್ ಕ್ಯಾನಿಗೂ ಹಾಕಿಸಿ. ಮುಂದಿನ ಬಂಕ್ 365 ಕಿ.ಮೀ. ದೂರ ಎಂಬ ಫಲಕ ಅಲ್ಲೇ ಇದೆ. ಈಗ ಲೇಹ್‌ಗೆ ಸ್ವಲ್ಪ ಮೊದಲು ಕಾರೂನಲ್ಲಿ ಬಂಕ್ ಇದೆ, ಆದರೆ ಅಲ್ಲಿ ಸ್ಟಾಕ್ ಇರುತ್ತದೆಂದು ಲೆಕ್ಕ ಹಾಕಿ ಹೊರಡಬೇಡಿ. ಬುಲೆಟ್ಟಿನ ಟ್ಯಾಂಕಿಗೆ 14.5 ಲೀಟರ್ ಹಿಡಿಯುತ್ತದೆ. ಎತ್ತರದಲ್ಲಿ ಲೀಟರಿಗೆ 25 ಕಿ.ಮೀ.ಗೆ ಇಳಿದರೆ ಟ್ಯಾಂಕ್ ಒಂದೇ ಸಾಲದು.

ದಾರ್ಚಾ ದಾಟಿ ಜಿಂಗ್‌ಜಿಂಗ್‌ಬಾರ್ ಕಡೆ ಹತ್ತುವಾಗ ಇಂಜಿನ್ ಮುಗ್ಗರಿಸಲು ಶುರುವಾಗುತ್ತದೆ. ಬಾರಾಲಾಚಾ ಲಾ ಸುಮಾರು 4,890 ಮೀಟರ್. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಸುಮಾರು 60 ಪ್ರತಿಶತ ಮಾತ್ರ. ಪೆಟ್ರೋಲ್ ಅಷ್ಟೇ, ಗಾಳಿ ಕಡಿಮೆ, ಮಿಶ್ರಣ ರಿಚ್. ಪ್ಲಗ್ ಬಿಚ್ಚಿದರೆ ಮಸಿಯಂತೆ ಒಣ ಕಪ್ಪು. ಇದನ್ನು ಆಯಿಲ್ ಎಂದುಕೊಂಡು ಪಿಸ್ಟನ್ ರಿಂಗ್ ಹೋಗಿದೆ ಎಂದು ಹೆದರುವವರಿದ್ದಾರೆ. ಆಯಿಲ್ ಆಗಿದ್ದರೆ ಕಪ್ಪು ಒದ್ದೆಯಾಗಿ ಹೊಳೆಯುತ್ತದೆ, ಬೆರಳಿಗೆ ಜಿಡ್ಡು ಹತ್ತುತ್ತದೆ. ಒಣ ಮಸಿಗೆ ಜಿಸ್ಪಾದಲ್ಲೇ ಸಿದ್ಧತೆ ಮಾಡಿಕೊಳ್ಳಿ: ಜೆಟ್ ನೀಡಲಿನ ಕ್ಲಿಪ್ಪನ್ನು ಒಂದು ಕಚ್ಚು ಮೇಲಕ್ಕೆ ಹಾಕಿ, ಆಗ ನೀಡಲ್ ಕೆಳಗಿಳಿಯುತ್ತದೆ. ಮೇನ್ ಜೆಟ್ ಒಂದೆರಡು ಸೈಜ್ ಚಿಕ್ಕದು ಹಾಕಿ. ಏರ್ ಸ್ಕ್ರೂ ಅರ್ಧ ಸುತ್ತು ಹೊರಕ್ಕೆ ಬಿಡಿ. ಗಾಳಿ ಸಾಲದು ಎಂದು ಏರ್ ಫಿಲ್ಟರ್ ಮಾತ್ರ ಕಿತ್ತೆಸೆಯಬೇಡಿ. ಮೋರೆ ಬಯಲಿನ ಧೂಳು ಒಂದೇ ದಿನದಲ್ಲಿ ಸಿಲಿಂಡರನ್ನು ಗೀರಿಬಿಡುತ್ತದೆ.

ಹಳ್ಳಗಳನ್ನು ಬೆಳಗ್ಗೆಯೇ ದಾಟಿ. ಮಧ್ಯಾಹ್ನ ಹಿಮ ಕರಗಿ ನೀರು ಏರುತ್ತದೆ. ನೀರು ಹೊಕ್ಕರೆ ಮೊದಲು ಕೈಕೊಡುವುದು ಪಾಯಿಂಟ್. ಡಿಸ್ಟ್ರಿಬ್ಯೂಟರ್ ಮುಚ್ಚಳದ ಸಂದಿಗೆ ತೆಳ್ಳಗೆ ಗ್ರೀಸ್ ಬಳಿದಿಡಿ. ಡ್ರಮ್ ಬ್ರೇಕ್ ಒದ್ದೆಯಾದರೆ ಹಿಡಿಯುವುದಿಲ್ಲ, ದಾಟಿದ ಮೇಲೆ ನಿಧಾನಕ್ಕೆ ಓಡಿಸುತ್ತಾ ಬ್ರೇಕ್ ಒತ್ತಿ ಒಣಗಿಸಿಕೊಳ್ಳಿ.

ಸರ್ಚುವಿನಲ್ಲಿ ರಾತ್ರಿ ತಂಗಿದವರು ಬೆಳಗ್ಗೆ ಡಿಪ್‌ಸ್ಟಿಕ್ ತೆಗೆದು ನೋಡಿ ಬೆಚ್ಚುತ್ತಾರೆ, ಆಯಿಲ್ ಕೆಳಗಿನ ಗೆರೆಗೂ ಇಲ್ಲ. ತಕ್ಷಣ ಅರ್ಧ ಲೀಟರ್ ಸುರಿಯುತ್ತಾರೆ. ಇಲ್ಲಿ ದಯವಿಟ್ಟು ತಡೆಯಿರಿ. ಈ ಇಂಜಿನ್ನಿನಲ್ಲಿ ಆಯಿಲ್ ಟ್ಯಾಂಕ್ ಕ್ರ್ಯಾಂಕ್‌ಕೇಸಿನೊಳಗೇ ಬೇರೆ ಕೋಣೆಯಾಗಿದೆ. ಪಂಪ್ ಸವೆದಿದ್ದರೆ ರಾತ್ರಿಯಿಡೀ ಆಯಿಲ್ ಅಲ್ಲಿಂದ ಫ್ಲೈವೀಲ್ ಇರುವ ಕಡೆಗೆ ಇಳಿದಿರುತ್ತದೆ. ಕಳೆದುಹೋಗಿಲ್ಲ, ಜಾಗ ಬದಲಿಸಿದೆ ಅಷ್ಟೆ. ಮೇಲಿಂದ ಸುರಿದರೆ ಸ್ಟಾರ್ಟ್ ಆದಮೇಲೆ ಹೆಚ್ಚಾದದ್ದೆಲ್ಲ ಬ್ರೀದರಿನಿಂದ ಕಾರುತ್ತದೆ, ಹೊಗೆ ಬೇರೆ. ಎರಡು ಮೂರು ನಿಮಿಷ ಓಡಿಸಿ ಇಂಜಿನ್ ನಿಲ್ಲಿಸಿ, ಗಾಡಿಯನ್ನು ನೇರ ನಿಲ್ಲಿಸಿ, ಕೂಡಲೇ ಅಳೆಯಿರಿ. ಆಗಲೂ ಕಡಿಮೆ ಇದ್ದರೆ 20W50 ಅನ್ನು ನೂರು ಮಿ.ಲೀ.ನಂತೆ ಹಾಕುತ್ತಾ ನೋಡಿ. ಒಟ್ಟು ಹಿಡಿಯುವುದೇ ಸುಮಾರು ಎರಡೂಕಾಲು ಲೀಟರ್. ಒಂದು ಲೀಟರ್ ಜೊತೆಗಿದ್ದರೆ ಸಾಕು.

ಆ ಚಳಿಯಲ್ಲಿ ಆಯಿಲ್ ಗಟ್ಟಿಯಾಗಿರುತ್ತದೆ. ಇಗ್ನಿಷನ್ ಆಫ್ ಮಾಡಿ, ಡಿಕಂಪ್ರೆಸರ್ (ಸಿಲಿಂಡರಿನ ಒತ್ತಡ ಬಿಡುವ ಲಿವರ್) ಹಿಡಿದು ಐದಾರು ಸಲ ಕಿಕ್ಕರ್ ತುಳಿಯಿರಿ. ಆಮೇಲೆ ಕೀ ಹಾಕಿ ಆಮೀಟರ್ ಮುಳ್ಳು ನಡುವಿಗೆ ಬರುವ ತನಕ ಕಿಕ್ಕರನ್ನು ನಿಧಾನವಾಗಿ ಒತ್ತಿ, ಡಿಕಂಪ್ರೆಸರಿನಿಂದ ತುಸು ಮುಂದೆ ದಾಟಿಸಿ, ಕಿಕ್ಕರ್ ಮೇಲೆ ಬಿಟ್ಟು ಪೂರ್ತಿ ಒದೆಯಿರಿ. ಅರ್ಧಂಬರ್ಧ ಒದ್ದರೆ ಕಿಕ್ಕರ್ ತಿರುಗಿ ಹೊಡೆಯುತ್ತದೆ.

ಗಾಟಾ ಲೂಪ್ಸ್‌ನಲ್ಲಿ ಒಂದು, ಎರಡನೇ ಗೇರಿನ ಏರು. ಇಂಜಿನ್ ಕಾದಾಗ ಮಿಸ್ ಹೊಡೆದು, ತಣ್ಣಗಾದರೆ ಸರಿಹೋದರೆ ಕಂಡೆನ್ಸರ್ ಮೇಲೆ ಸಂಶಯಪಡಿ. ಪಾಯಿಂಟ್ ನಡುವೆ ದೊಡ್ಡ ಕಿಡಿ ಕಂಡರೆ, ಪಾಯಿಂಟ್ ಮುಖ ಕಪ್ಪಾಗಿದ್ದರೆ ಅದೇ ಖಾತ್ರಿ. ಪಾಯಿಂಟ್ ಸಂದು 0.35ರಿಂದ 0.40 ಮಿ.ಮೀ. ಇರಲಿ. ಪಾಯಿಂಟಿನ ಹೀಲ್ (ಕ್ಯಾಮ್‌ಗೆ ಉಜ್ಜುವ ಭಾಗ) ಸವೆದು ಸಂದು ಕಿರಿದಾದರೆ ಟೈಮಿಂಗ್ ಹಿಂದಾಗುತ್ತದೆ, ಇಂಜಿನ್ ಬಿಸಿಯಾಗುತ್ತದೆ, ಏರಿನಲ್ಲಿ ಎಳೆಯುವುದಿಲ್ಲ. ಟ್ಯಾಪೆಟ್ ಹೊಂದಿಸುವುದು ಇಂಜಿನ್ ಪೂರ್ತಿ ತಣ್ಣಗಿರುವಾಗ ಮಾತ್ರ: ಪುಶ್‌ರಾಡ್ ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಟ ಇರಬಾರದು. ಕಾದ ಇಂಜಿನ್ನಿಗೆ ನೀರು ಸುರಿಯಬೇಡಿ, ಗಾಳಿಗೆ ಮುಖ ಮಾಡಿ ನಿಲ್ಲಿಸಿ.

ಕೇಲಾಂಗ್ ದಾಟಿದರೆ ಲೇಹ್‌ ತನಕ ಬುಲೆಟ್ ಮೆಕ್ಯಾನಿಕ್ ಸಿಗುತ್ತಾನೆಂದು ನಂಬಬೇಡಿ. ಚೀಲದಲ್ಲಿ ಇರಬೇಕಾದದ್ದು: ಪಾಯಿಂಟ್ ಸೆಟ್, ಕಂಡೆನ್ಸರ್, ಎರಡು ಪ್ಲಗ್, ಕ್ಲಚ್ ಮತ್ತು ಆಕ್ಸಿಲರೇಟರ್ ಕೇಬಲ್, ಚೈನ್ ಲಾಕ್, 19 ಇಂಚಿನ ಟ್ಯೂಬ್, ತಾಮ್ರದ ವಾಷರ್, ಟ್ಯಾಪೆಟ್ ಪ್ಯಾಕಿಂಗ್, ಡಕ್‌ಬಿಲ್, ಪೆಟ್ರೋಲ್ ಪೈಪ್, ಫೀಲರ್ ಗೇಜ್, ಬೈಂಡಿಂಗ್ ವಯರ್, ಎಂ-ಸೀಲ್. ಹೊಸ ಕೇಬಲನ್ನು ಹಳೆಯದರ ಪಕ್ಕದಲ್ಲೇ ಎಳೆದು ಟೇಪ್ ಸುತ್ತಿಡಿ, ತುಂಡಾದಾಗ ತುದಿ ಬದಲಿಸಿದರೆ ಸಾಕು. ಕಲ್ಲು ಬಡಿದು ಕೇಸ್ ಬಿರಿದರೆ ಪೆಟ್ರೋಲಿನಲ್ಲಿ ಜಿಡ್ಡು ತೆಗೆದು, ಎಮರಿಯಲ್ಲಿ ಒರಟು ಮಾಡಿ ಎಂ-ಸೀಲ್ ಹಚ್ಚಿ. ಚಳಿಯಲ್ಲಿ ಅದು ಗಟ್ಟಿಯಾಗಲು ಬಹಳ ಹೊತ್ತು ಬೇಕು, ರಾತ್ರಿ ಬಿಡುವುದೇ ಸರಿ.

ಪಾಂಗ್‌ನಿಂದ ಮೋರೆ ಬಯಲು, ಆಮೇಲೆ 5,328 ಮೀಟರಿನ ತಂಗ್ಲಂಗ್ ಲಾ. ಅಲ್ಲಿಂದ ರುಮ್ಸೆ, ಉಪ್ಶಿ ಕಡೆಗೆ ಉದ್ದದ ಇಳಿಜಾರು. ಇಂಜಿನ್ ಬ್ರೇಕ್‌ನಲ್ಲಿ ಬಹಳ ಹೊತ್ತು ಇಳಿದು ಮತ್ತೆ ಆಕ್ಸಿಲರೇಟರ್ ಕೊಟ್ಟಾಗ ನೀಲಿ ಹೊಗೆ ಒಮ್ಮೆ ಬಂದು ನಿಂತರೆ ಅದು ವಾಲ್ವ್ ಗೈಡಿನದು, ಮನೆಗೆ ಬಂದಮೇಲೆ ನೋಡಿಕೊಳ್ಳಬಹುದು. ನಿಲ್ಲದೆ ಬರುತ್ತಿದ್ದರೆ ರಿಂಗ್ ಕಥೆ, ಲೇಹ್‌ನಲ್ಲೇ ಸಿಲಿಂಡರ್ ಬೋರ್ ತೋರಿಸಿ.

ಹಿಂತಿರುಗುವಾಗ ಮರೆಯಬಾರದ ಒಂದು ಕೆಲಸ: ಜಿಸ್ಪಾಕ್ಕೆ ಇಳಿದ ಕೂಡಲೇ ಮೇನ್ ಜೆಟ್, ನೀಡಲ್ ಕ್ಲಿಪ್, ಏರ್ ಸ್ಕ್ರೂ ಮೂರನ್ನೂ ಮೊದಲಿದ್ದಂತೆ ಮಾಡಿ. ಎತ್ತರಕ್ಕೆ ಹೊಂದಿಸಿದ ಚಿಕ್ಕ ಜೆಟ್ಟಿನಲ್ಲಿ ಕೆಳಗೆ ಓಡಿಸಿದರೆ ಮಿಶ್ರಣ ಲೀನ್ ಆಗಿ (ಪೆಟ್ರೋಲ್ ಕಡಿಮೆಯಾಗಿ), ಪ್ಲಗ್ ಬೆಳ್ಳಗೆ ಸುಟ್ಟು, ಮನಾಲಿ ದಾಟಿ ಬಯಲಿನ ಬಿಸಿಲಿಗೆ ಬರುವಷ್ಟರಲ್ಲಿ ಪಿಸ್ಟನ್ ಹಿಡಿದುಕೊಳ್ಳುತ್ತದೆ.