ಮೂಸಿ ದಂಡೆಯಲ್ಲಿ ನೋಡುವುದಕ್ಕೆ ಏನಿದೆ?

ಪ್ರತಿ ವರ್ಷ ಸೆಪ್ಟೆಂಬರ್ 28ರ ಬೆಳಿಗ್ಗೆ ಹತ್ತಿಪ್ಪತ್ತು ಮಂದಿ ಕನ್ನಡಿಗರನ್ನು ಕರೆದುಕೊಂಡು 1908ರ ಪ್ರವಾಹದ ನೆನಪಿಗೆ ಹೈದರಾಬಾದಿನ ಮೂಸಿ ನದಿಯ ದಂಡೆಯಲ್ಲಿ ನಡೆಯುವುದು ನನ್ನ ರೂಢಿ. ಹೊಸದಾಗಿ ಬರುವವರು, ಅದರಲ್ಲೂ ಕಲಬುರಗಿ, ಬೀದರ್ ಕಡೆಯ ನೆಂಟರು, ತಪ್ಪದೆ ಒಂದೇ ಪ್ರಶ್ನೆ ಕೇಳುತ್ತಾರೆ: "ಮೂಗ ಮುಚ್ಕೊಂಡು ದಾಟೋ ಈ ಮೋರ್ಯಾಗ ನೋಡ್ಲಿಕ್ಕ ಏನದರಿ?"

ಪ್ರಶ್ನೆ ನ್ಯಾಯವಾದದ್ದೇ. ಆ ಪ್ರವಾಹದ ಗುರುತುಗಳು ಹೆಚ್ಚೇನೂ ಉಳಿದಿಲ್ಲ. ಆದ್ದರಿಂದ ನಾನು ಮೊದಲು ಕರೆದೊಯ್ಯುವುದು ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಹುಣಸೆಮರದ ಬಳಿಗೆ. 1908ರ ಸೆಪ್ಟೆಂಬರ್ 28ರಂದು ನದಿ ಉಕ್ಕಿದಾಗ ಸುಮಾರು 150 ಮಂದಿ ಇದರ ಕೊಂಬೆಗಳನ್ನು ಹತ್ತಿ ಜೀವ ಉಳಿಸಿಕೊಂಡರೆಂದು ಊರಿನವರು ಹೇಳುತ್ತಾರೆ. ಬುಡದಲ್ಲಿ ನಿಂತು ಕೊಂಬೆಗಳನ್ನು ನೋಡಿ, ಆಮೇಲೆ ತಿರುಗಿ ನದಿಯನ್ನು ನೋಡಿ ಎನ್ನುತ್ತೇನೆ. ಅಲ್ಲಿ ಕೆಳಗೆಲ್ಲೋ ಕಪ್ಪಗೆ ಹರಿಯುವ ನೀರು ಇಲ್ಲಿಯವರೆಗೆ ಏರಿ, ಈ ಬುಡವನ್ನೂ ಮುಳುಗಿಸಿ, ಜನರನ್ನು ಮರದ ಮೇಲಕ್ಕೆ ಅಟ್ಟಿತೆಂಬುದು ಎಷ್ಟು ಓದಿದರೂ ನನ್ನ ತಲೆಗೆ ಹತ್ತಿರಲಿಲ್ಲ. ಇಲ್ಲಿ ನಿಂತು ಕತ್ತು ಎತ್ತಿ ಇಳಿಸಿದ ಮೇಲೆಯೇ ಹತ್ತಿದ್ದು. ಸತ್ತವರು 15,000ದ ಆಸುಪಾಸು ಎನ್ನುವುದುಂಟು. ಆ ಅಂಕಿಗಿಂತ ನನ್ನನ್ನು ಹೆಚ್ಚು ಕಾಡುವವರು ಉರ್ದು ಕವಿ ಅಮ್ಜದ್ ಹೈದರಾಬಾದಿ. ತಾಯಿ, ಹೆಂಡತಿ, ಮಗಳು ಮೂವರನ್ನೂ ಈ ನೀರಿಗೆ ಕಳೆದುಕೊಂಡು ತಾವೊಬ್ಬರೇ ಬದುಕುಳಿದವರು ಅವರು.

ಅಷ್ಟರಲ್ಲಿ ಗುಂಪಿನಲ್ಲಿ ಯಾರಾದರೊಬ್ಬರು "ನಮ್ಮ ವಿಶ್ವೇಶ್ವರಯ್ಯನವರು ಬಂದು ಈ ಊರನ್ನು ಕಾಪಾಡಿದರಲ್ಲವೇ" ಎನ್ನುತ್ತಾರೆ. ಬಂದದ್ದು ನಿಜ, 1909ರಲ್ಲಿ, ನಿಜಾಮ್ ಸರ್ಕಾರದ ಕರೆಯ ಮೇರೆಗೆ. ಆದರೆ ಹೆಮ್ಮೆಪಟ್ಟು ಅಲ್ಲಿಗೇ ಮುಗಿಸಿದರೆ ಅವರು ಕಂಡುಕೊಂಡ ವಿಷಯವೇ ಕೈತಪ್ಪುತ್ತದೆ. ನಗರದೊಳಗಿನ ನದಿಯನ್ನಷ್ಟೇ ಅಳೆಯದೆ ಅವರು ಮೇಲಿನ ಜಲಾನಯನದ ಲೆಕ್ಕ ತೆಗೆದರು. ಶಂಶಾಬಾದಿನಲ್ಲಿ 24 ಗಂಟೆಗಳಲ್ಲಿ 12.8 ಅಂಗುಲ ಮಳೆ ಸುರಿದಿತ್ತು. ಆ ಪ್ರದೇಶದ 788 ಕೆರೆಗಳಲ್ಲಿ 221 ಒಡೆದಿದ್ದವು. ಕೆರೆ ಕಂಡ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಮೇಲಿನ ಕೆರೆಯ ಏರಿ ಕಿತ್ತುಹೋದರೆ ಆ ನೀರಷ್ಟೂ ಆಗಲೇ ಕೋಡಿ ಬಿದ್ದಿರುವ ಕೆಳಗಿನ ಕೆರೆಗೆ ನುಗ್ಗುತ್ತದೆ, ಅದೂ ತಡೆಯಲಾರದೆ ಒಡೆಯುತ್ತದೆ, ಹೀಗೆ ಒಂದರ ಹಿಂದೊಂದು ಒಡೆದು ಬಂದ ನೀರೆಲ್ಲ ಕೊನೆಗೆ ಊರ ಬಾಗಿಲಿಗೆ ಒಟ್ಟಿಗೆ ಬರುತ್ತದೆ. ಆದ್ದರಿಂದ ನೀರನ್ನು ಊರಿಗಿಂತ ಮೇಲೆಯೇ ತಡೆಯಬೇಕೆಂದು ಅವರು ಸಲಹೆ ಕೊಟ್ಟರು. ಮೂಸಿಗೆ ಗಂಡಿಪೇಟೆಯ ಬಳಿ ಉಸ್ಮಾನ್ ಸಾಗರ 1920ರಲ್ಲಿ, ಅದರ ಉಪನದಿ ಈಸಿಗೆ ಹಿಮಾಯತ್ ಸಾಗರ 1927ರಲ್ಲಿ ಸಿದ್ಧವಾದವು. ಅವರು 1909ರಲ್ಲೇ ಮೈಸೂರಿಗೆ ಹೋಗಿದ್ದರು, ಕಟ್ಟಿಸಿದವರು ಬೇರೆಯವರು.

ಆರನೆಯ ನಿಜಾಮ ಮಹಬೂಬ್ ಅಲಿ ಖಾನರು ಉಕ್ಕಿದ ನದಿಗೆ ಸೀರೆ, ಕುಂಕುಮ ಅರ್ಪಿಸಿ ಬೇಡಿಕೊಂಡರೆಂಬ ಐತಿಹ್ಯವನ್ನೂ, ಐತಿಹ್ಯವೆಂದೇ ಹೇಳಿ, ಹೇಳುತ್ತೇನೆ. 221 ಕೆರೆಗಳಿಗಿಂತ ಜನರಿಗೆ ಅದೇ ಇಷ್ಟವಾಗುತ್ತದೆ, ನನಗೇನೂ ಬೇಸರವಿಲ್ಲ.

ಕೊನೆಗೆ ಪುರಾನಾಪುಲ್. 1578ರಲ್ಲಿ ಕುತುಬ್‌ಶಾಹಿಗಳು ಕಟ್ಟಿದ ಈ ಕಲ್ಲಿನ ಸೇತುವೆ ಆ ನೀರನ್ನು ತಾಳಿಕೊಂಡು ನಿಂತಿತು. ಅದರ ಕಮಾನುಗಳ ಎತ್ತರವನ್ನು ಕಣ್ಣಲ್ಲೇ ಅಳೆದ ಮೇಲೆ "ಮೋರಿ" ಎಂಬ ಮಾತು ಸಾಮಾನ್ಯವಾಗಿ ಮತ್ತೆ ಕೇಳಿಬರುವುದಿಲ್ಲ.

ನಡಿಗೆ ಮುಗಿದು ನೆಂಟರು ಊರಿನ ಬಸ್ಸು ಹತ್ತುವುದು ಇಮ್ಲಿಬನ್ ನಿಲ್ದಾಣದಲ್ಲಿ. ಇಮ್ಲಿ ಎಂದರೆ ಹುಣಸೆ. ನಿಲ್ದಾಣವಿರುವುದು ನದಿಯ ಪಾತ್ರದ ನಡುವೆ. 2025ರ ಸೆಪ್ಟೆಂಬರ್ ಕೊನೆಯ ವಾರ, ವಾರ್ಷಿಕ ದಿನ ಹತ್ತಿರವಿರುವಾಗಲೇ, ಮೇಲಿನ ಆ ಎರಡೂ ಜಲಾಶಯಗಳ ಗೇಟು ತೆರೆದು ನೀರು ಬಿಟ್ಟಾಗ ಮೂಸಿ ಈ ನಿಲ್ದಾಣದೊಳಕ್ಕೆ ನುಗ್ಗಿ ಪ್ರಯಾಣಿಕರು ಸಿಕ್ಕಿಹಾಕಿಕೊಂಡರು. ಆ ವರ್ಷದ ನಡಿಗೆಯನ್ನು ನಾವು ಮುಂದಕ್ಕೆ ಹಾಕಿದೆವು. ಆಮೇಲೆ ಬಂದ ಗುಂಪಿನಲ್ಲಿ ನೋಡುವುದಕ್ಕೆ ಏನಿದೆ ಎಂದು ಯಾರೂ ಕೇಳಲಿಲ್ಲ. ಬೀದರಿನ ಬಸ್ಸು ಯಾವ ಪ್ಲಾಟ್‌ಫಾರ್ಮಿನದು, ನೀರು ಅಲ್ಲಿಯವರೆಗೂ ಬಂದಿತ್ತೇ ಎಂದು ಕೇಳಿದರು.