ಬೆಲ್ಲ ತಿಂದರೆ ಧೂಳು ಇಳಿಯಲ್ಲ

ಚಿಕ್ಕಬಳ್ಳಾಪುರದ ಹತ್ತಿರ ಒಂದು ಜಲ್ಲಿ ಕ್ರಷರ್‌ನಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ಮೊದಲೆಲ್ಲ ಶಿಫ್ಟ್ ಮುಗಿದ ಮೇಲೆ ಎಲ್ಲರ ಕೈಗೂ ಒಂದೊಂದು ತುಂಡು ಬೆಲ್ಲ ಹಾಕುತ್ತಿದ್ದೆ. ಒಳಗಿನ ಧೂಳೆಲ್ಲ ಇಳಿದುಹೋಗುತ್ತದೆ ಅಂತ ಹಿಂದಿನವರು ಹೇಳಿದ್ದರು. ಬೆಲ್ಲ ಹೋಗುವುದು ಹೊಟ್ಟೆಗೆ, ಧೂಳು ಹೋಗುವುದು ಶ್ವಾಸಕೋಶಕ್ಕೆ, ಅಲ್ವಾ? ಇಷ್ಟು ನನಗೆ ಹೊಳೆಯಲೇ ಇಲ್ಲ.

ಜಲ್ಲಿ ಸೋಸುವ ಜಾಲರಿ ಹತ್ತಿರ ನಿಲ್ಲುತ್ತಿದ್ದ ಅಣ್ಣ ಒಬ್ಬರಿಗೆ ಕೆಮ್ಮು ಶುರುವಾಯಿತು. ಬೀಡಿ ಕೆಮ್ಮು ಅಂದುಕೊಂಡೆವು. ಆಮೇಲೆ ಮೆಟ್ಟಿಲು ಹತ್ತುವಾಗ ನಡುವೆ ಎರಡು ಸಲ ನಿಲ್ಲತೊಡಗಿದರು. ಕಂಬಿ ಹಿಡಿದುಕೊಂಡು, ಸುಮ್ನೆ ಕಲ್ಲು ಸಾಗಿಸುವ ಬೆಲ್ಟ್ ನೋಡುತ್ತಿರುವವರ ಹಾಗೆ. ಕೊನೆಗೆ ಎಕ್ಸ್‌ರೇ ತೆಗೆಸಿದೆವು. ಡಾಕ್ಟರ್ ಅದನ್ನು ಬೆಳಕಿಗೆ ಹಿಡಿದು ಕೇಳಿದ ಮೊದಲ ಮಾತು, "ಏನ್ ಕೆಲಸ ಮಾಡ್ತೀರಾ?"

ಸಿಲಿಕೋಸಿಸ್. ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ.

ಡಾಕ್ಟರ್ ನನಗೂ ಬಿಡಿಸಿ ಹೇಳಿದರು. ದಪ್ಪ ಧೂಳು ಮೂಗು, ಗಂಟಲಲ್ಲೇ ಸಿಕ್ಕಿಕೊಂಡು ಸಿಂಬಳ, ಕಫದ ಜೊತೆ ಆಚೆ ಬರುತ್ತದೆ. ಅಪಾಯ ಇರುವುದು ಕಣ್ಣಿಗೆ ಕಾಣದ ಧೂಳಿನಲ್ಲಿ. ಒಂದು ಕೂದಲಿನ ದಪ್ಪ ಸುಮಾರು 70 ಮೈಕ್ರಾನ್. 5 ಮೈಕ್ರಾನ್‌ಗಿಂತ ಸಣ್ಣ ಕಣ ಶ್ವಾಸಕೋಶದ ಕೊನೆಯ ಗಾಳಿಗೂಡಿನವರೆಗೂ ಇಳಿಯುತ್ತದೆ. ನಮ್ಮ ಗ್ರಾನೈಟ್‌ನಲ್ಲಿ ಬೆಣಚು ಇದೆ, ಅದೇ ಸಿಲಿಕಾ. ಅದನ್ನು ನುಂಗಲು ಬಂದ ಜೀವಕೋಶವೇ ಸಾಯುತ್ತದೆ, ಕಣ ಹಾಗೇ ಉಳಿಯುತ್ತದೆ. ಇನ್ನೊಂದು ಬರುತ್ತದೆ, ಅದೂ ಸಾಯುತ್ತದೆ. ಮೆತ್ತಗಿದ್ದ ಜಾಗ ಹಳೇ ಗಾಯದ ಕಲೆಯ ಹಾಗೆ ಗಟ್ಟಿಯಾಗುತ್ತದೆ. ಗುಣ ಮಾಡುವ ಔಷಧಿ ಇಲ್ಲ. ಟಿಬಿ ಅಂಟುವ ಭಯ ಬೇರೆ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಯವರಿಗೆ ಇದು ತಾತಂದಿರ ಕಾಲದಿಂದ ಗೊತ್ತಿದ್ದ ಕಾಯಿಲೆ. ಪಕ್ಕದ ಜಿಲ್ಲೆಯ ನಾವು ಬೆಲ್ಲ ಹಂಚುತ್ತಿದ್ದೆವು.

ತಪ್ಪು ನನ್ನದೂ ಇದೆ. ಧೂಳು ಏಳದ ಹಾಗೆ ಕಲ್ಲಿನ ಮೇಲೆ ನೀರು ಚಿಮ್ಮಿಸುವ ನಾಝಲ್‌ಗಳು ನಮ್ಮಲ್ಲಿ ಮೊದಲಿಂದಲೂ ಇದ್ದವು. ನೀರು ಜಾಸ್ತಿಯಾದರೆ ಒದ್ದೆ ಪುಡಿ ಜಾಲರಿಗೆ ಮೆತ್ತಿಕೊಳ್ಳುತ್ತದೆ, ಟಿಪ್ಪರ್‌ಗಳು ಸಾಲುಗಟ್ಟುತ್ತವೆ, ಓನರ್ ಫೋನ್ ಬರುತ್ತದೆ. ವಾಲ್ವ್ ತಿರುಗಿಸಿ ನೀರು ನಿಲ್ಲಿಸುತ್ತಿದ್ದವನು ನಾನೇ.

ಈಗ ನೀರು ಬಂದ್ ಆದರೆ ಬೆಲ್ಟೂ ಬಂದ್. ನಮ್ಮ ಬೋರ್‌ವೆಲ್ ನೀರು ಗಡಸು, ನಾಝಲ್ ತೂತಿಗೆ ಬಿಳಿ ಹೊಪ್ಪಳೆ ಕಟ್ಟುತ್ತದೆ. ಶನಿವಾರ ಬಿಚ್ಚಿ ಸೂಜಿಯಲ್ಲಿ ಬಿಡಿಸುತ್ತೇವೆ. ಒಣ ಧೂಳಿಗೆ ಪೊರಕೆ ಹಾಕುವಂತಿಲ್ಲ. ಟವಲ್ ಕಟ್ಟಿದರೆ ಸಾಲದು, ಎನ್95 ಮಾಸ್ಕ್ ಬೇಕು. ಗಡ್ಡ ಇದ್ದರೆ ಅದೂ ದಂಡ, ಸಂದಿಯಲ್ಲಿ ಗಾಳಿ ನುಗ್ಗುತ್ತದೆ. ಗಡ್ಡ ತೆಗೆಸುವುದಕ್ಕೇ ಎಲ್ಲಕ್ಕಿಂತ ಜಾಸ್ತಿ ಜಗಳ ಆಗಿದ್ದು.

ಅಣ್ಣ ಈಗ ಊರಲ್ಲಿದ್ದಾರೆ. ಫೋನ್ ಮಾಡಿದರೆ ಎರಡು ಮಾತಿಗೊಮ್ಮೆ ನಿಂತು ಉಸಿರು ಎಳೆದುಕೊಳ್ಳುತ್ತಾರೆ. "ನೀರು ಬಿಡ್ತಿದ್ದೀರಾ ಸಾರ್?" ಅಂತ ಕೇಳುತ್ತಾರೆ.