ಜನಗಣತಿಗೆ ಪಟ್ಟಣ, ಆಡಳಿತಕ್ಕೆ ಹಳ್ಳಿ

ನಮ್ಮ ಬೀದಿಯ ತಿರುವಿನಲ್ಲಿ ಗ್ರಾಮ ಪಂಚಾಯಿತಿಯ ತುಕ್ಕು ಹಿಡಿದ ಫಲಕವೊಂದಿದೆ. ಅದರ ಬೆನ್ನಿಗೇ ನಾಲ್ಕಂತಸ್ತಿನ ಬಾಡಿಗೆ ಮನೆಗಳಿದ್ದು, ಬೆಳಿಗ್ಗೆ ಏಳಕ್ಕೆ ಗಾರ್ಮೆಂಟ್ಸ್ ವ್ಯಾನಿಗಾಗಿ ಹೆಂಗಸರು ಬುತ್ತಿಚೀಲ ಹಿಡಿದು ಸಾಲುಗಟ್ಟಿ ನಿಂತಿರುತ್ತಾರೆ. ನಗರ ಸಾರಿಗೆಯ ಬಸ್ಸು ಮಾತ್ರ ಒಂದೂವರೆ ಕಿಲೋಮೀಟರ್ ಆಚೆ, ಪಾಲಿಕೆಯ ಎಲ್ಲೆಯಲ್ಲೇ ತಿರುಗಿಕೊಂಡು ಹೋಗುತ್ತದೆ.

2011ರ ಜನಗಣತಿಯ ಪ್ರಕಾರ, ಪಾಲಿಕೆಯೋ ಪುರಸಭೆಯೋ ಇಲ್ಲದ ಊರೂ ಪಟ್ಟಣವೆನಿಸಿಕೊಳ್ಳಬಹುದು. ಅದಕ್ಕೆ ಕನಿಷ್ಠ 5,000 ಜನಸಂಖ್ಯೆ, ಚದರ ಕಿಲೋಮೀಟರಿಗೆ ಕನಿಷ್ಠ 400 ಜನರ ಸಾಂದ್ರತೆ ಇರಬೇಕು ಮತ್ತು ಮುಖ್ಯ ದುಡಿಮೆಗಾರರಾದ (ವರ್ಷದಲ್ಲಿ ಆರು ತಿಂಗಳಾದರೂ ದುಡಿಯುವ) ಗಂಡಸರಲ್ಲಿ ಶೇ 75ರಷ್ಟಾದರೂ ಕೃಷಿಯೇತರ ಕೆಲಸದಲ್ಲಿರಬೇಕು. ಗಂಡಸರು ಮಾತ್ರ ಎಂಬುದನ್ನು ಗಮನಿಸಿ: ವ್ಯಾನಿಗೆ ಕಾಯುವ ಆ ಹೆಂಗಸರು ತಲೆಯೆಣಿಕೆಗೆ ಬರುತ್ತಾರೆಯೇ ಹೊರತು, ಊರನ್ನು ಪಟ್ಟಣವೆಂದು ತೀರ್ಮಾನಿಸುವ ದುಡಿಮೆಯ ಲೆಕ್ಕಕ್ಕೆ ಬರುವುದಿಲ್ಲ. ಇಂಥ ‘ಜನಗಣತಿ ಪಟ್ಟಣ’ಗಳು ದೇಶದಲ್ಲಿ 2001ರಲ್ಲಿ 1,362 ಇದ್ದವು, 2011ರ ವೇಳೆಗೆ 3,894 ಆದವು. ಇವುಗಳ ಆಡಳಿತ ಸಾಮಾನ್ಯವಾಗಿ ಗ್ರಾಮ ಪಂಚಾಯಿತಿಯದೇ.

ಸಾರಿಗೆ ಯೋಜನೆಯ ತೊಡಕು ಇಲ್ಲಿಂದಲೇ ಶುರು. ನಗರಗಳಿಗೆ ವಿದ್ಯುತ್ ಬಸ್ಸು ಒದಗಿಸಲು 2023ರಲ್ಲಿ ಕೇಂದ್ರ ಒಪ್ಪಿದ ಪಿಎಂ ಇ-ಬಸ್ ಸೇವಾ ಯೋಜನೆಯು ಆ ನಗರಗಳನ್ನು 2011ರ ಜನಸಂಖ್ಯೆಯಿಂದಲೇ ಅಳೆದು, ಮುಖ್ಯವಾಗಿ 3 ಲಕ್ಷದಿಂದ 40 ಲಕ್ಷದವರೆಗಿನವನ್ನು ಆರಿಸಿತು. ಹನ್ನೆರಡು ವರ್ಷ ಹಳೆಯದಾದ ಅಳತೆಯಿಂದ ಹೊಸ ಬಸ್ಸು ಹಂಚುವುದು, ಮಗುವಾಗಿದ್ದಾಗ ಹೊಲಿಸಿದ ಅಂಗಿಯನ್ನು ಹೈಸ್ಕೂಲಿಗೆ ತೊಡಿಸಿದಂತೆ ನನಗೆ ಕಾಣುತ್ತದೆ.

ನಗರ ಎಲ್ಲಿಗೆ ಮುಗಿಯುತ್ತದೆಂಬ ಗೆರೆಯನ್ನು ಅಮೆರಿಕದಲ್ಲಿ ಬೇರೆ ರೀತಿ ಎಳೆಯುತ್ತಾರೆ. ಅಲ್ಲಿನ ಜನಗಣತಿ ಇಲಾಖೆ ಊರಾಡಳಿತದ ಎಲ್ಲೆಯನ್ನು ಬದಿಗಿಟ್ಟು, ಒತ್ತೊತ್ತಾಗಿ ಬೆಳೆದ ವಸತಿಯನ್ನೇ ಹಿಂಬಾಲಿಸಿ ನಗರಪ್ರದೇಶ ಗುರುತಿಸುತ್ತದೆ. ಅದರ ಜನಸಂಖ್ಯೆ 50,000 ದಾಟಿದರೆ ಒಕ್ಕೂಟ ಸರ್ಕಾರದ ಕಾನೂನಿನಂತೆ ಸುತ್ತಲಿನ ಊರುಗಳನ್ನೆಲ್ಲ ಒಳಗೊಂಡು ಸಾರಿಗೆಯನ್ನು ಯೋಜಿಸುವ ಮಹಾನಗರ ಯೋಜನಾ ಸಂಸ್ಥೆಯೊಂದು ಇರಲೇಬೇಕು, 2,00,000 ದಾಟಿದರೆ ಸಂಚಾರ ದಟ್ಟಣೆ ನಿರ್ವಹಣೆಯ ಹೊಣೆಯೂ ಸೇರುತ್ತದೆ. ಅಲ್ಲಿ ಎಲ್ಲವೂ ಸರಿಯಿದೆಯೆಂದಲ್ಲ, ಕಾರಿಲ್ಲದವರ ಪಾಡು ಅಲ್ಲಿಯೂ ಕಷ್ಟವೇ. ಆದರೂ ಜನ ದಿನಾ ದಾಟುವ ಎಲ್ಲೆಯನ್ನು ಯೋಜನೆಯೂ ದಾಟಬೇಕೆಂಬ ಕಟ್ಟಳೆಯಾದರೂ ಇದೆ.

ನಮ್ಮಲ್ಲಿ ಮುಂದಿನ ಜನಗಣತಿಯ ಉಲ್ಲೇಖ ದಿನ, ಅಂದರೆ ಎಣಿಕೆಗೆ ಆಧಾರವಾಗುವ ದಿನ, ದೇಶದ ಬಹುಭಾಗಕ್ಕೆ 2027ರ ಮಾರ್ಚ್ 1. ನಮ್ಮೂರು ಯಾವ ಪಟ್ಟಿಗೆ ಸೇರಿದರೂ, ಎಲ್ಲೆಯಲ್ಲಿ ತಿರುಗುವ ಬಸ್ಸನ್ನು ಫಲಕದವರೆಗೆ ತರುವ ಹೊಣೆ ಯಾರದೆಂದು ಆ ಪಟ್ಟಿ ಹೇಳುವುದಿಲ್ಲ.